ಅವ್ವನ ಕೈಗೆ ನಿಲುಕುವ ಪೇರಲ ಗಿಡ

ನಮ್ಮ ಹಿತ್ತಲದ ಅಳತೆ ಉದ್ದ 18 ಫೂಟು, ಅಗಲ 14 ಫೂಟು. ಅಷ್ಟರಲ್ಲೇ ಬಚ್ಚಲ ನೀರು ಹೋಗಬೇಕು, ಅರಿವೆ ಒಣಗಬೇಕು, ಕುಳ್ಳು ಕಟ್ಟಿಗೆ ಒಟ್ಟಬೇಕು. ಇದರ ನಡುವೆ ಒಂದು ಪೇರಲ ಗಿಡ ಇದೆ. ನಿಮ್ಮ ಕಡೆ ಸೀಬೆ ಎಂತಲೋ ಚೇಪೆ ಎಂತಲೋ ಅನ್ನುತ್ತೀರಿ, ಅದೇ. ಗಿಡಕ್ಕೆ ಏಳು ವರ್ಷ. ಎತ್ತರ ಐದೂವರೆ ಫೂಟು ಮಾತ್ರ. ಕಳೆದ ಚಳಿಗಾಲದಲ್ಲಿ ಅದರಿಂದ 131 ಹಣ್ಣು ಎಣಿಸಿ ಇಳಿಸಿದ್ದೇವೆ. ಗಿಳಿ ತಿಂದದ್ದು, ಓಣಿ ಹುಡುಗರು ಹರಿದದ್ದು ಲೆಕ್ಕಕ್ಕಿಲ್ಲ.

ನೋಡಿದವರು ಕೇಳುವ ಮಾತು ಒಂದೇ: “ಇದು ಯಾವ ಕುಳ್ಳ ಜಾತಿರೀ? ಎಲ್ಲಿ ಸಿಗತೈತಿ?” ಈ ಪ್ರಶ್ನೆಗೆ ನಿಂತಲ್ಲೇ ಉತ್ತರ ಹೇಳುವುದು ಕಷ್ಟ. ಅದಕ್ಕೆ ಬರೆಯುತ್ತಿದ್ದೇನೆ. ನಾನು ಓದಿದ್ದು ಏಳನೇ ಇಯತ್ತೆ. ನಮ್ಮದು ನರೇಗಲ್ಲ ಸೀಮೆಯ ಎರೆ ಹೊಲ, ಮಳೆ ನಂಬಿದ ಒಕ್ಕಲುತನ. ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬಿ. ತೋಟ ಮಾಡಿದವನಲ್ಲ. ಹಿಂಗಾಗಿ ಈ ಒಂದು ಗಿಡ ಕಲಿಯಲು ನನಗೆ ಬಹಳ ವರ್ಷ ಹಿಡಿಯಿತು, ರೊಕ್ಕವೂ ಹೋಯಿತು.

ದೊಡ್ಡ ಗಿಡ ಹೋದದ್ದು

ಮೊದಲು ನಮ್ಮ ಹಿತ್ತಲ ಇದರ ಎರಡು ಪಟ್ಟು ಇತ್ತು. ಅದರಲ್ಲಿ ಅವ್ವ ಬೀಜದಿಂದ ಎಬ್ಬಿಸಿದ ಜವಾರಿ ಪೇರಲ ಗಿಡ ಇತ್ತು. ಇಪ್ಪತ್ತು ಫೂಟಿನ ಮೇಲೆ ಬೆಳೆದಿತ್ತು. ಹಣ್ಣು ಬರೋದು ತುದಿಗೆ. ಕೆಳಗಿನವರಿಗೆ ಸಿಗುತ್ತಿದ್ದದ್ದು ಗಿಳಿ ಕಚ್ಚಿದ ಅರ್ಧ, ಬಾವಲಿ ಬಿಟ್ಟ ಅರ್ಧ. ಅಣ್ಣನ ಮಗ ಹಣ್ಣಿಗೆ ಹತ್ತಿ ಬಿದ್ದು ಕೈ ಮುರಿದುಕೊಂಡ. ಆದರೂ ಅವ್ವಗೆ ಆ ಗಿಡ ಅಂದರೆ ಜೀವ. ಮಧ್ಯಾಹ್ನ ಅದರ ನೆರಳಿಗೆ ಕೂತು ಜೋಳ ಹಸನು ಮಾಡುತ್ತಿದ್ದಳು.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಿಗೆ ಉತ್ತರ ಕರ್ನಾಟಕದ ಮೇಲೆ ಬಿದ್ದ ಮಳೆ ನಿಮಗೆಲ್ಲ ನೆನಪಿರಬಹುದು. ನಮ್ಮದು ಮಣ್ಣಿನ ಮಾಳಿಗಿ ಮನೆ. ಹಿಂದಿನ ಗೋಡೆ ಕುಸಿಯಿತು. ಮರುವರ್ಷ ಮನೆ ಕಟ್ಟುವ ಹೊತ್ತಿಗೆ ಅಣ್ಣ ತಮ್ಮಂದಿರು ಬೇರೆಯಾದೆವು. ಹಿರಿಯರು ಕೂತು ಹಗ್ಗ ಹಿಡಿದು ಅಳೆದರು. ಹಗ್ಗ ಹೋದದ್ದು ಸರಿಯಾಗಿ ಪೇರಲ ಗಿಡದ ಬುಡದ ಮೇಲೆ! ಗೋಡೆ ಎಬ್ಬಿಸಬೇಕಾದರೆ ಗಿಡ ಹೋಗಲೇಬೇಕಾಯಿತು. ಕೊಡಲಿ ಹಿಡಿದವನು ನಾನೇ.

ಅವ್ವ ನನ್ನ ಪಾಲಿಗೆ ಬಂದಳು. ಆದರೆ ಅಂದಿನಿಂದ ಆಕೆ ಹಿತ್ತಲ ಬಾಗಿಲು ದಾಟುವುದು ಬಚ್ಚಲಕ್ಕೆ ಮಾತ್ರ ಎನ್ನುವಂತಾಯಿತು. “ಗಿಡ ಕಡದಿ, ಕುಂಡ್ರೋ ಜಾಗಾನೂ ಕಡದಿ” ಅಂದಳು ಒಂದು ಸಲ. ಮತ್ತೆ ಅದರ ಮಾತೇ ತೆಗೆಯಲಿಲ್ಲ. ಇಷ್ಟು ಸಣ್ಣ ಜಾಗದಲ್ಲಿ ಒಂದಾದರೂ ಹಣ್ಣಿನ ಗಿಡ ಎಬ್ಬಿಸಬೇಕು ಎಂಬ ಹಟ ನನಗೆ ಹುಟ್ಟಿದ್ದು ಅಲ್ಲಿಂದ.

ಸೇಬಿನ ಆಸೆ

2014ರಲ್ಲಿ ಒಂದು ಜಾತ್ರೆಯಲ್ಲಿ ಸಸಿ ಮಾರುವವನು ಬಂದಿದ್ದ. ಗಿಡದ ಮುಂದೆ ಚಿತ್ರ ತೂಗು ಹಾಕಿದ್ದ: ಆಳೆತ್ತರದ ಗಿಡ, ತುಂಬ ಕೆಂಪು ಸೇಬು. “ಕುಳ್ಳ ಸೇಬು. ಕುಂಡದಾಗೂ ಬರತೈತಿ” ಅಂದ. ಒಂದಕ್ಕೆ 350 ರೂಪಾಯಿ. ಎರಡು ತಂದೆ. ಒಂದು ಮೊದಲ ಮಳೆಗಾಲಕ್ಕೆ ಬೇರು ಕೊಳೆತು ಹೋಯಿತು. ಇನ್ನೊಂದು ನಾಲ್ಕು ವರ್ಷ ಬದುಕಿತು. ಹಿಡಿಯಷ್ಟು ಎಲೆ ಬಿಡೋದು, ಬ್ಯಾಸಿಗೆಗೆ ಸುಡೋದು. ಹೂ ಅಂತೂ ಒಂದೂ ಬಿಡಲಿಲ್ಲ.

ನಮ್ಮ ಓಣಿಯ ಹುಡುಗನೊಬ್ಬ ಮಿಲಿಟರಿಯಲ್ಲಿದ್ದು ಹಿಮಾಚಲದಲ್ಲಿ ಕೆಲಸ ಮಾಡಿದವ. ರಜಕ್ಕೆ ಬಂದಾಗ ನೋಡಿ ನಕ್ಕ. “ಕಾಕಾ, ಆ ಗಿಡ ಅಲ್ಲೆ ಮಂಜಿನ್ಯಾಗ ಎಲಿ ಉದುರಿಸಿ ಮಲಗತೈತಿ. ನೀವು ಅದಕ್ಕ ನಿದ್ದಿನ ಕೊಡವಲ್ರಿ” ಅಂದ. ಆಮೇಲೆ ನಾನು ಕೇಳಿ ಓದಿ ತಿಳಿದುಕೊಂಡದ್ದು ಇಷ್ಟು: ಸೇಬಿನಲ್ಲಿ ಹಳೆಯ ಹೆಸರಾದ ಜಾತಿಗಳಿಗೆ 7 ಡಿಗ್ರಿಗಿಂತ ಕೆಳಗಿನ ಚಳಿ ಒಂದು ಸಾವಿರ ತಾಸಿನಷ್ಟಾದರೂ ಬೇಕು. ಕಡಿಮೆ ಚಳಿ ಬೇಡುವ ಜಾತಿಗಳೂ ಇವೆ. ಇಸ್ರೇಲಿನ ‘ಅನ್ನಾ’ ಅಂಥದು. ಹಿಮಾಚಲದ ಬಿಲಾಸಪುರ ಜಿಲ್ಲೆಯ ರೈತ ಹರಿಮನ್ ಶರ್ಮಾ ಅವರು ಕೆಳಗಿನ ಬಿಸಿ ಊರಿಗೆ ಆಗುವ ‘ಎಚ್‌ಆರ್‌ಎಂಎನ್-99’ ಎಂಬ ಸೇಬು ಕಂಡುಹಿಡಿದಿದ್ದಾರೆ. 2025ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅಂಥ ಗಿಡ ನೆಡುವವರು ಜಾತಿ ಖಾತ್ರಿ ಮಾಡಿಕೊಂಡು ನೆಡಲಿ. ನಾನು ತಂದದ್ದು ಯಾವ ಜಾತಿಯೋ, ಮಾರಿದವನಿಗೂ ಗೊತ್ತಿರಲಿಕ್ಕಿಲ್ಲ.

ಆದರೆ ಸೇಬಿನಿಂದ ಒಂದು ಸಂಗತಿ ಕಲಿತೆ. ಚಳಿ ದೇಶದವರ ಸಣ್ಣ ಹಿತ್ತಲದಲ್ಲಿ ಸೇಬು ಕುಳ್ಳಗಾಗುವುದು ಮೇಲಿನ ಜಾತಿಯಿಂದಲ್ಲ, ಕೆಳಗಿನ ಬೇರಿನಿಂದ. ಇಂಗ್ಲೆಂಡಿನ ಈಸ್ಟ್ ಮಾಲಿಂಗ್ ಎಂಬಲ್ಲಿಯ ಸಂಶೋಧನಾ ಕೇಂದ್ರದವರು ನೂರು ವರ್ಷದ ಹಿಂದೆಯೇ ಬೇರುಗಿಡಗಳನ್ನು ಬೇರೆ ಬೇರೆ ಮಾಡಿ ನಂಬರು ಕೊಟ್ಟರು. ಅದರಲ್ಲಿ ‘ಎಂ-9’ ಎಂಬ ಬೇರಿನ ಮೇಲೆ ಯಾವ ಸೇಬು ಕಸಿ ಕಟ್ಟಿದರೂ ಗಿಡ ಎಂಟು ಹತ್ತು ಫೂಟಿಗೆ ನಿಲ್ಲುತ್ತದೆ, ಬೇಗ ಹಣ್ಣು ಕೊಡುತ್ತದೆ. ಆದರೆ ಬೇರು ಬಲಹೀನ. ಆಯುಷ್ಯ ಪೂರ್ತಿ ಗೂಟದ ಆಸರೆ ಬೇಕು. ಅಂದರೆ ಅಲ್ಲಿಯೂ ಗಿಡ ತಾನಾಗಿ ಕುಳ್ಳ ಇರುವುದಿಲ್ಲ. ಮನುಷ್ಯ ಮಾಡುತ್ತಾನೆ, ಆಮೇಲೆ ಕಾಯುತ್ತಾನೆ.

ನಮ್ಮ ಬಿಸಿಲಿಗೆ ಯಾವ ಗಿಡವನ್ನು ಹಿಂಗೆ ಮಾಡಬಹುದು? ನಾನು ಕೇಳಬೇಕಾಗಿದ್ದ ಪ್ರಶ್ನೆ ಅದು. ಕೇಳುವುದಕ್ಕೆ ಮೊದಲೇ 700 ರೂಪಾಯಿ ಕೊಟ್ಟುಬಿಟ್ಟಿದ್ದೆ.

ಪೇರಲವೇ ಯಾಕೆ

ಹಣ್ಣಿನ ಗಿಡಗಳಲ್ಲಿ ಎರಡು ನಮೂನೆ. ಮಾವಿನಂಥವು ಬಲಿತ ಕಡ್ಡಿಯ ತುದಿಗೆ ಹೂ ಬಿಡುತ್ತವೆ. ತಪ್ಪಿದ ಹೊತ್ತಿನಲ್ಲಿ ತುದಿ ಕತ್ತರಿಸಿದರೆ ಮುಂದಿನ ಹೂವೇ ಹೋಯಿತು. ಪೇರಲ ಹಾಗಲ್ಲ. ಅದು ಹೊಸ ಚಿಗುರಿನ ಎಲೆ ಬುಡದಲ್ಲಿ ಹೂ ಬಿಡುತ್ತದೆ. ಎಷ್ಟು ಕತ್ತರಿಸುತ್ತೀರೋ ಅಷ್ಟು ಹೊಸ ಚಿಗುರು, ಅಷ್ಟು ಹೂ. ಸಣ್ಣ ಹಿತ್ತಲಿಗೆ ಇದಕ್ಕಿಂತ ಒಳ್ಳೆಯ ಗುಣ ಬೇರೆ ಬೇಕಿಲ್ಲ.

ಈ ಗುಣ ಹಿಡಿದೇ ಲಕ್ನೋದ ಕೇಂದ್ರೀಯ ತೋಟಗಾರಿಕೆ ಸಂಸ್ಥೆಯವರು ಪೇರಲವನ್ನು 1 ಮೀಟರ್ ಬೈ 2 ಮೀಟರ್ ಅಂತರದಲ್ಲಿ, ಹೆಕ್ಟೇರಿಗೆ 5,000 ಗಿಡ ನೆಟ್ಟು ತೋರಿಸಿದ್ದಾರೆ. ಪದೇ ಪದೇ ಕತ್ತರಿಸಿ ಗಿಡವನ್ನು ಸೊಂಟದ ಮಟ್ಟಕ್ಕೆ ಇಡುತ್ತಾರೆ. ಅವರದು ದೊಡ್ಡ ತೋಟದ ಲೆಕ್ಕ. ನಮಗೆ ಬೇಕಾದದ್ದು ಅದರೊಳಗಿನ ಒಂದು ಗಿಡ.

ಧಾರವಾಡದ ಕಡೆಯ ನವಲೂರ ಪೇರಲ ಬಸ್ಸಿನಲ್ಲಿ ಹೋದವರೆಲ್ಲ ತಿಂದದ್ದೇ. ಆದರೆ ಅಲ್ಲಿ ಮಳೆ ಹೆಚ್ಚು, ಕೆಂಪು ಮಣ್ಣು. ನಮ್ಮ ಎರೆ ಬೇರೆ, ಮಳೆಯೂ ಕಡಿಮೆ. ಅದಕ್ಕೆ ನೆಲ ಸುಧಾರಿಸಿಯೇ ನೆಡಬೇಕು.

ನಾನು ನೆಟ್ಟದ್ದು ಸರದಾರ ಜಾತಿ. ಇದಕ್ಕೆ ಲಕ್ನೋ-49 ಎಂತಲೂ ಹೆಸರು. ಹೆಸರು ಲಕ್ನೋ ಇದ್ದರೂ ಆರಿಸಿದ್ದು ಪುಣೆಯ ಗಣೇಶಖಿಂಡ ಕೇಂದ್ರದಲ್ಲಿ, 1927ರಲ್ಲಿ, ಡಾ. ಚೀಮಾ ಅವರು. ಇದರ ಗಿಡ ಮೇಲೆ ಹೋಗುವುದಕ್ಕಿಂತ ಅಗಲಕ್ಕೆ ಹರಡುವುದು ಹೆಚ್ಚು. ಹಣ್ಣು ದೊಡ್ಡದು, ಒಳಗೆ ಬಿಳಿ ತಿರುಳು.

ಸಸಿ ತರುವಾಗ ಗೂಟಿ ಇಲ್ಲವೇ ಕಸಿ ಸಸಿಯನ್ನೇ ತನ್ನಿ. ಇಲ್ಲಿಯೂ ನಾನು ಒಂದು ಸಲ ಮೋಸ ಹೋಗಿದ್ದೇನೆ. ಒಂದು ನರ್ಸರಿಯವರು ಗೂಟಿ ಎಂದು ಹೇಳಿ ಬೀಜದ ಸಸಿ ಕೊಟ್ಟಿದ್ದರು. ಬೀಜದ ಸಸಿಯಾದರೆ ತಾಯಿಯಂತೆ ಹಣ್ಣು ಬಂದೀತೆಂಬ ಖಾತ್ರಿ ಇಲ್ಲ, ತಡವೂ ಆಗುತ್ತದೆ. ಚೀಲ ಸ್ವಲ್ಪ ಬಿಡಿಸಿ ಬುಡ ನೋಡಿ. ಗೂಟಿ ಸಸಿಗೆ ಒಂದೇ ಗೂಟದಂತೆ ನೇರ ಇಳಿದ ತಾಯಿಬೇರು ಇರುವುದಿಲ್ಲ. ಕಡ್ಡಿಯ ಸುತ್ತಲೂ ಜಡೆಯಂತೆ ಬೇರು ಇರುತ್ತವೆ.

ಎರೆ ನೆಲದಲ್ಲಿ ಕುಣಿ

ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬ್ಯಾಸಿಗೆಗೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ನೀರು ನಿಂತರೆ ಬೇರಿಗೆ ಉಸಿರಿಲ್ಲ, ಬಿರುಕು ಬಿಟ್ಟರೆ ಬೇರು ಹರಿಯುತ್ತವೆ. ನೀರು ನಿಲ್ಲುವ ನೆಲದಲ್ಲಿ ಪೇರಲಕ್ಕೆ ಸೊರಗು ರೋಗವೂ ಜೋರು. ಅದು ಬಂದರೆ ಗಿಡ ಉಳಿಯುವುದು ಕಷ್ಟ.

2018ರ ಜುಲೈದಲ್ಲಿ ನಾನು ಮಾಡಿದ್ದು ಹೀಗೆ. ಗೋಡೆಯಿಂದ ಆರು ಫೂಟು ಬಿಟ್ಟು, ಎರಡು ಫೂಟು ಉದ್ದ, ಅಗಲ, ಆಳದ ಕುಣಿ ತೆಗೆದೆ. ಮೇಲಿನ ಎರೆ ಒಂದು ಪಾಲು, ಗರಸು ಒಂದು ಪಾಲು, ಕಳಿತ ತಿಪ್ಪಿ ಗೊಬ್ಬರ ಒಂದು ಪಾಲು, ಎರಡು ಹಿಡಿ ಬೇವಿನ ಹಿಂಡಿ ಕೂಡಿಸಿ ತುಂಬಿದೆ. ಕುಣಿ ನೆಲದ ಮಟ್ಟಕ್ಕೆ ಬಿಡದೆ ಮುಕ್ಕಾಲು ಫೂಟು ದಿಬ್ಬ ಮಾಡಿ ಅದರ ಮೇಲೆ ಸಸಿ ಇಟ್ಟೆ. ಬುಡಕ್ಕೆ ಕಡಲೆ ಹೊಟ್ಟು, ಜೋಳದ ರವದಿ ನಾಲ್ಕು ಬೆರಳು ದಪ್ಪ ಹಾಸಿದೆ. ಹೊಟ್ಟು ಕಾಂಡಕ್ಕೆ ತಾಗದಂತೆ ಒಂದು ಗೇಣು ಜಾಗ ಬಿಟ್ಟೆ. ಹೊದಿಕೆ ಇದ್ದಲ್ಲಿ ಬಿರುಕು ಬೀಳಲಿಲ್ಲ.

ಕತ್ತರಿ ಕೆಲಸ

ಇದೇ ಮುಖ್ಯ ಭಾಗ. ಧೈರ್ಯ ಬೇಕಾದದ್ದೂ ಇಲ್ಲಿಯೇ.

ಸಸಿ ನೆಟ್ಟು ಎರಡು ತಿಂಗಳಿಗೆ, ಬೇರು ಹಿಡಿದು ಹೊಸ ಎಲೆ ಕಂಡ ಮೇಲೆ, ನೆಲದಿಂದ ಎರಡು ಫೂಟಿಗೆ ತಲೆ ಕತ್ತರಿಸಿದೆ. ಕೆಳಗಿನಿಂದ ಏಳೆಂಟು ಕವಲು ಒಡೆದವು. ನಾಲ್ಕು ದಿಕ್ಕಿಗೆ ನಾಲ್ಕು ಇಟ್ಟು ಉಳಿದವು ತೆಗೆದೆ. ಆ ನಾಲ್ಕು ಕವಲು ಮೊಳದುದ್ದ ಆದಾಗ ಅರ್ಧಕ್ಕೆ ಕತ್ತರಿಸಿದೆ. ಪ್ರತಿಯೊಂದರಿಂದ ಮತ್ತೆ ಎರಡು ಮೂರು ಬಂದವು. ಒಂದು ವರ್ಷದಲ್ಲಿ ಗಿಡ ಬುಟ್ಟಿಯ ಹಾಗೆ ತುಂಬಿಕೊಂಡಿತು.

2020ರ ಮೇ ತಿಂಗಳು. ಗಿಡ ಆರು ಫೂಟು ದಾಟಿತ್ತು, ಹಸಿರಾಗಿತ್ತು. ಚಾಟನಿ ಮಾಡುವ ಹೊತ್ತು. ಒಂದೊಂದು ಕಡ್ಡಿಯನ್ನೂ ಅರ್ಧಕ್ಕೆ ತೆಗೆಯಬೇಕು. ನಾನು ಕತ್ತರಿ ಹಿಡಿದು ನಿಂತಾಗ ಅವ್ವ ಬಾಗಿಲಿಗೆ ಬಂದಳು. “ಮತ್ತ ಕಡೀತೇನು?” ಅಂದಳು. “ಇಲ್ಲಬೇ, ಚಾಟನಿ ಮಾಡ್ತೀನಿ” ಅಂದೆ. “ಕೊಡಲಿ ಸಣ್ಣದಾತು, ಅಷ್ಟ” ಅಂದು ಒಳಗೆ ಹೋದಳು. ನಮ್ಮಾಕಿನೂ ಮಾತಾಡಲಿಲ್ಲ. ಕತ್ತರಿಸಿ ಮುಗಿಸಿದಾಗ ಹಿತ್ತಲದಲ್ಲಿ ಬೋಳು ಕಡ್ಡಿ, ನೆಲದ ತುಂಬ ಹಸಿರೆಲೆ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಪುಸ್ತಕದ ಮಾತು ಸುಳ್ಳಾದರೆ ಎರಡನೇ ಗಿಡವನ್ನೂ ನಾನೇ ಕೊಂದಂತೆ.

ಇಪ್ಪತ್ತು ದಿನಕ್ಕೆ ಕಡ್ಡಿ ಕಡ್ಡಿಗೂ ಚಿಗುರು ಬಂತು. ಜುಲೈದಲ್ಲಿ ಎಲೆ ಸಂದಿಗೆ ಮೊಗ್ಗು. ಡಿಸೆಂಬರದಲ್ಲಿ 38 ಹಣ್ಣು. ಮೊದಲ ಹಣ್ಣು ಅವ್ವನ ಕೈಗೇ ನಿಲುಕುವ ಟೊಂಗೆಯಲ್ಲಿತ್ತು. ಆಕೆಯೇ ಹರಿದಳು. ಏನೂ ಅನ್ನಲಿಲ್ಲ. ಮರುದಿನ ಮರದ ಹಳೇ ಮಣಿ ಒಂದನ್ನು ಹಿತ್ತಲಕ್ಕೆ ಒಯ್ದು ಇಟ್ಟುಕೊಂಡಳು.

ಅಂದಿನಿಂದ ನಮ್ಮ ಗಿಡದ ಎತ್ತರಕ್ಕೆ ಅದೇ ಅಳತೆ. ಅವ್ವನ ಕೈಗೆ ನಿಲುಕದ ಕಡ್ಡಿ ಇರಬಾರದು. ನೀವೂ ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಗಿಡ್ಡ ಇರುವ ಹಿರಿಯರನ್ನು ಅಳತೆಗೆ ಹಿಡಿಯಿರಿ. ಟೇಪು ಬೇಕಿಲ್ಲ.

ವರ್ಷದ ಲೆಕ್ಕ ಹೀಗಿದೆ:

ಫೆಬ್ರುವರಿ: ಹಣ್ಣು ಮುಗಿದ ಮೇಲೆ ಒಣಗಿದ, ಒಳಕ್ಕೆ ತಿರುಗಿದ, ಒಂದಕ್ಕೊಂದು ಉಜ್ಜುವ ಕಡ್ಡಿ ಮಾತ್ರ ತೆಗೆಯುವುದು. ಈ ಹೊತ್ತಿಗೆ ಬರುವ ಹೂ ಕಿತ್ತು ಹಾಕುವುದು. ಅದನ್ನು ಬಿಟ್ಟರೆ ಬ್ಯಾಸಿಗೆಯಲ್ಲಿ ಕಾಯಿಗೆ ನೀರು ಹೊರಬೇಕು. ಮಳೆಗಾಲದ ಹಣ್ಣು ರುಚಿ ಸಪ್ಪೆ, ಹಣ್ಣಿನ ನೊಣದ ಹುಳವೂ ಹೆಚ್ಚು.

ಮೇ ಕೊನೆ: ರೋಹಿಣಿ ಮಳೆಯ ಆಸುಪಾಸಿಗೆ ದೊಡ್ಡ ಚಾಟನಿ. ಎಲ್ಲ ಕಡ್ಡಿ ಅರ್ಧಕ್ಕೆ. ಹಿಂದಿನ ದಿನ ಎರಡು ಕೊಡ ನೀರು ಹಾಕಬೇಕು. ಬೆರಳಿಗಿಂತ ದಪ್ಪ ಕಡ್ಡಿ ಕತ್ತರಿಸಿದಲ್ಲಿ ಬೋರ್ಡೋ ಮುಲಾಮು ಹಚ್ಚಬೇಕು. ಕತ್ತರಿ ಹರಿತ ಇರಲಿ. ಕುಡುಗೋಲಿನಿಂದ ಹೊಡೆದು ಸೀಳಬೇಡಿ.

ಜೂನ್: ಎರಡು ಬುಟ್ಟಿ ತಿಪ್ಪಿ ಗೊಬ್ಬರ, ಒಂದು ಕಿಲೋ ಬೇವಿನ ಹಿಂಡಿ.

ನವೆಂಬರ್‌ನಿಂದ ಜನವರಿ: ಹಣ್ಣು.

ನೀರು

ನಮ್ಮಲ್ಲಿ ವರ್ಷದ ಮಳೆ ಸುಮಾರು 600 ಮಿಲಿಮೀಟರ್. ಅದೂ ಬಂದರೆ. ಬೋರಿನ ನೀರು ಸವಳು. ಪೇರಲ ಸ್ವಲ್ಪ ಸವಳು ತಡೆದುಕೊಳ್ಳುತ್ತದೆ, ಬಹಳ ಅಲ್ಲ. ಬಚ್ಚಲ ನೀರನ್ನು ನೇರವಾಗಿ ಬುಡಕ್ಕೆ ಬಿಟ್ಟಿದ್ದೆ. ಎರಡನೇ ಬ್ಯಾಸಿಗೆಗೆ ಎಲೆಯ ಅಂಚು ಸುಟ್ಟಂತೆ ಆಯಿತು. ಆಮೇಲೆ ಅರಿವೆ ಒಗೆದ ಸೋಡಾ ನೀರು ಬೇರೆ ಕಡೆ ತಿರುವಿದೆ. ಜಳಕದ ನೀರು ಮಾತ್ರ ಉಸುಕು, ಹರಳು ತುಂಬಿದ ಸಣ್ಣ ಕುಣಿ ದಾಟಿ ದಿಬ್ಬದ ಅಂಚಿಗೆ ಬರುವಂತೆ ಮಾಡಿದೆ. ಮಳೆಗಾಲದಲ್ಲಿ ಮಾಳಿಗಿ ನೀರು ಒಂದೆರಡು ಸಲ ಬುಡಕ್ಕೆ ಬಿಟ್ಟು ಉಪ್ಪು ತೊಳೆಯುತ್ತೇನೆ. ನೀರು ನಿಲ್ಲಲು ಮಾತ್ರ ಬಿಡುವುದಿಲ್ಲ.

ಸಣ್ಣ ಗಿಡದ ಲಾಭ ಇಲ್ಲಿಯೂ ಇದೆ. ಎಲೆ ಕಡಿಮೆ ಇದ್ದಷ್ಟು ಕುಡಿಯುವ ನೀರೂ ಕಡಿಮೆ. ಮೇ ಚಾಟನಿ ಆದ ಮೇಲೆ ನಾಲ್ಕು ದಿನಕ್ಕೊಮ್ಮೆ ಎರಡು ಕೊಡ ಸಾಕಾಗುತ್ತದೆ.

ಇಷ್ಟು ನೀರೂ ಇಲ್ಲದವರಿಗೆ ಬಾರಿ ಹಣ್ಣಿನ ಗಿಡವೇ ಸೈ. ಅದೂ ಹೊಸ ಕಡ್ಡಿಗೆ ಹಣ್ಣು ಬಿಡುವ ಜಾತಿ. ಬ್ಯಾಸಿಗೆಯಲ್ಲಿ ಎಲೆ ಉದುರಿಸಿ ನಿಂತಾಗ ಬೋಳಿಸಿ ಬಿಟ್ಟರೆ ಮಳೆಗೆ ತಾನೇ ಚಿಗಿಯುತ್ತದೆ. ಮುಳ್ಳಿನದೊಂದು ತಕರಾರು.

ಹುಳ, ಹಳದಿ ಎಲೆ

ಎಲೆ ಕೆಳಗೆ ಬಿಳಿ ಹಿಟ್ಟಿನಂಥ ತಿಗಣೆ ಬಂದಾಗ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಸ್ವಲ್ಪ ಸಾಬೂನು ಕದಡಿ ಸಿಂಪಡಿಸುತ್ತೇನೆ. ಗಿಡ ಸಣ್ಣದಿದ್ದರೆ ಕೈಯಿಂದಲೇ ಒರೆಸಬಹುದು. ಸುಣ್ಣದ ಅಂಶ ಇರುವ ಎರೆಯಲ್ಲಿ ಸತುವು, ಕಬ್ಬಿಣ ಬೇರಿಗೆ ಸಲೀಸಾಗಿ ಸಿಗುವುದಿಲ್ಲ. ನನ್ನ ಗಿಡದ ಚಿಗುರೆಲೆ ಸಣ್ಣದಾಗಿ, ನರ ಹಸಿರು, ನಡುವೆ ಹಳದಿ ಆಗಿತ್ತು. ಲೀಟರಿಗೆ 5 ಗ್ರಾಂ ಜಿಂಕ್ ಸಲ್ಫೇಟು, ಅದರ ಅರ್ಧ ಸುಣ್ಣ ಕೂಡಿಸಿ ಸೋಸಿ ಎರಡು ಸಲ ಹೊಡೆದ ಮೇಲೆ ತಿಳಿಯಾಯಿತು. ಕಾಯಿ ನಿಂಬೆಹಣ್ಣಿನಷ್ಟಾದಾಗ ಹಳೆಯ ಸೀರೆ ಚೂರಿನ ಚೀಲ ಕಟ್ಟುತ್ತೇವೆ. ಗಿಳಿಗೆಂದು ನಾಲ್ಕು ಬಿಡುತ್ತೇವೆ. ಅದು ಅವ್ವನ ಕಾನೂನು.

ಗೋಡೆಯ ಆಚೆಯ ಗಿಡ

ಮೊದಲಿನ ಪ್ರಶ್ನೆಗೆ ಬರುತ್ತೇನೆ. ಇದು ಕುಳ್ಳ ಜಾತಿಯೇ?

2021ರ ಮಳೆಗಾಲದಲ್ಲಿ ಅತ್ತಿಗಿ ಗೋಡೆಯ ಆಚೆಯಿಂದ ಕೇಳಿದರು, “ನಮಗೂ ಒಂದು ಸಸಿ ಆದೀತೇನು?” ಅಣ್ಣ ನಾನು ಆಗ ಮಾತಾಡುತ್ತಿರಲಿಲ್ಲ. ಎರಡು ಗೂಟಿ ಕಟ್ಟಿದೆ. ಪೆನ್ಸಿಲ್ ದಪ್ಪದ ಕಡ್ಡಿಗೆ ಒಂದು ಇಂಚು ತೊಗಟೆ ಸುತ್ತಲೂ ತೆಗೆದು, ಹಸಿ ತೆಂಗಿನ ನಾರು, ಗೊಬ್ಬರ ಸುತ್ತಿ, ಪ್ಲಾಸ್ಟಿಕ್ ಹಾಳೆಯಿಂದ ಎರಡೂ ಕಡೆ ಬಿಗಿದು ಕಟ್ಟುವುದು. ಒಂದು ಒಣಗಿತು. ಇನ್ನೊಂದಕ್ಕೆ ಒಂದೂವರೆ ತಿಂಗಳಿಗೆ ಬೇರು ಕಂಡವು. ಅವ್ವ ಅದನ್ನು ತಾನೇ ಆ ಮನೆಗೆ ಒಯ್ದು ಕೊಟ್ಟಳು.

ಅಣ್ಣ ಅದನ್ನು ಚೆಂದ ಬೆಳೆಸಿದ್ದಾನೆ. ಆದರೆ ಕತ್ತರಿ ಮುಟ್ಟಿಸಗೊಡುವುದಿಲ್ಲ. “ಆ ಗಿಡ ಕಡದದ್ದು ಸಾಕು. ಇದನ್ನ ಕಡ್ಯಾಂಗಿಲ್ಲ” ಅನ್ನುತ್ತಾನಂತೆ. ಅದೇ ತಾಯಿಯ ಕಡ್ಡಿ, ಅದೇ ಎರೆ, ಅದೇ ನೀರು. ನಾಲ್ಕು ವರ್ಷಕ್ಕೆ ಹನ್ನೊಂದು ಫೂಟು ಆಗಿದೆ. ನನ್ನದು ಅದಕ್ಕಿಂತ ಮೂರು ವರ್ಷ ಹಿರಿಯ, ಐದೂವರೆ ಫೂಟು. ಹಿತ್ತಲಕ್ಕೆ ಬಂದವರಿಗೆ ನಾನು ಈಗ ಎರಡೂ ಗಿಡ ತೋರಿಸಿಬಿಡುತ್ತೇನೆ. ಕುಳ್ಳ ಜಾತಿ ಅನ್ನುವುದಲ್ಲ, ವರ್ಷಕ್ಕೊಮ್ಮೆ ಒಂದು ತಾಸು ಕತ್ತರಿ ಹಿಡಿಯುವುದು. ಒಂದು ವರ್ಷ ಬಿಟ್ಟರೆ ಗಿಡ ಕೈ ಮೀರುತ್ತದೆ.

ಅಣ್ಣನ ಗಿಡದ ಮೇಲಿನ ಹಣ್ಣು ಈಗ ನಮ್ಮ ಹಿತ್ತಲಕ್ಕೇ ಬೀಳುತ್ತವೆ. ಅವ್ವ ಆರಿಸಿ, ಗಿಳಿ ಕಚ್ಚದೆ ಬಿಟ್ಟದ್ದನ್ನು ಬುಟ್ಟಿಗೆ ಹಾಕಿ ಆ ಕಡೆ ಕಳಿಸುತ್ತಾಳೆ. ನಮ್ಮ ಗಿಡದವೂ ನಾಲ್ಕು ಕೂಡಿರುತ್ತವೆ. ಆಕೆಗೆ ಎಂಬತ್ತು ದಾಟಿದೆ, ಹಲ್ಲಿಲ್ಲ. ನಮ್ಮಾಕಿ ಕಳಿತ ಹಣ್ಣು ಕಿವುಚಿ ಬೀಜ ಸೋಸಿ ಬೆಲ್ಲ ಹಾಕಿ ಸೀಕರಣಿ ಮಾಡಿ ಕೊಡುತ್ತಾಳೆ. ಕಿತ್ತಳೆಗಿಂತ ಪೇರಲದಲ್ಲಿ ಸಿ ಜೀವಸತ್ವ ಹಲವು ಪಟ್ಟು ಹೆಚ್ಚು ಎಂದು ಓದಿದ್ದೇನೆ. ಅವ್ವಗೆ ಅದರ ಗೊಡವೆ ಇಲ್ಲ.

ಖರ್ಚಿನ ಲೆಕ್ಕ ಕೇಳುವವರಿಗೆ: ಸಸಿಗೆ 60 ರೂಪಾಯಿ, ಚಾಟನಿ ಕತ್ತರಿಗೆ 280. ಗರಸು ಪುಕ್ಕಟೆ. ಸೇಬಿಗೆ ಕೊಟ್ಟ 700 ಇದರಲ್ಲಿ ಹಿಡಿದಿಲ್ಲ. ಅದು ಕಲಿತ ಫೀ.

ಬರುವ ಮಳೆಗಾಲದಲ್ಲಿ ನಾಲ್ಕೈದು ಗೂಟಿ ಕಟ್ಟಬೇಕೆಂದಿದ್ದೇನೆ. ನರೇಗಲ್ಲ ಕಡೆ ಬಂದವರು ಒಂದು ಒಯ್ಯಬಹುದು. ಕತ್ತರಿ ಹಿಡಿಯುತ್ತೇನೆಂದು ಒಪ್ಪಿದವರಿಗೆ ಮಾತ್ರ.